ಹುಡುಗಿಯೋ, ಊರೋ

ಇವತ್ತಿನ ಮಾತು ಒಂದು ವಿಡಿಯೊ ಗೇಮಿನ ಬಗ್ಗೆ. ಹೀಗೆಂದ ಕೂಡಲೇ ಕೆಲವರ ಕೈ ರೇಡಿಯೊದ ಕಿವಿ ಹಿಂಡಲು ಹೋಗುತ್ತದೆಂದು ಬಲ್ಲೆ. ಗೇಮ್ ಎಂದರೆ ಗುಂಡು ಹಾರಿಸುವುದು, ಕಾರು ಗುದ್ದಿಸುವುದು, ಪರೀಕ್ಷೆ ಹತ್ತಿರ ಬಂದಾಗ ಮಗನ ಕೈಯಿಂದ ಮೊಬೈಲು ಕಿತ್ತುಕೊಳ್ಳುವುದು, ಇಷ್ಟೇ ನಮ್ಮ ಮನೆಗಳಲ್ಲಿ ಅದಕ್ಕಿರುವ ಅರ್ಥ. ನಾನು ಹೇಳಹೊರಟ ಆಟ ಬೇರೆ ಬಗೆಯದು. ಅದು ಐದು ಭಾಗಗಳಲ್ಲಿ ಹೇಳಿದ ಒಂದು ಕಥೆ. ಅದರ ಮುಂದೆ ಕೂತವರು ಸುಮ್ಮನೆ ನೋಡುತ್ತಿರುವಂತಿಲ್ಲ. ಕಥೆಯ ಹುಡುಗಿ ಎಲ್ಲಿಗೆ ಹೋಗಬೇಕು, ಯಾರನ್ನು ಮಾತಾಡಿಸಬೇಕು, ಕೇಳಿದ ಪ್ರಶ್ನೆಗೆ ನಿಜ ಹೇಳಬೇಕೋ ಮುಚ್ಚಿಡಬೇಕೋ ಎಂಬುದನ್ನು ಆಡುವವರೇ ತೀರ್ಮಾನಿಸಬೇಕು. ಆ ತೀರ್ಮಾನಗಳನ್ನೆಲ್ಲ ಆಟ ನೆನಪಿಟ್ಟುಕೊಂಡು ಮುಂದಿನ ಭಾಗಕ್ಕೆ ಒಯ್ಯುತ್ತದೆ.

ಆಟದ ಹೆಸರು ‘ಲೈಫ್ ಈಸ್ ಸ್ಟ್ರೇಂಜ್’. ಪ್ಯಾರಿಸ್ಸಿನ ಡೋಂಟ್‌ನಾಡ್ ಸಂಸ್ಥೆ ತಯಾರಿಸಿದ್ದು, ಸ್ಕ್ವೇರ್ ಎನಿಕ್ಸ್ ಕಂಪನಿ ಹೊರತಂದದ್ದು. ಮೊದಲ ಭಾಗ 2015ರ ಜನವರಿ 30ರಂದು ಬಂತು, ಐದನೆಯದು ಅದೇ ವರ್ಷದ ಅಕ್ಟೋಬರ್ 20ರಂದು. ನಡುವಿನ ಮೂರು ಭಾಗಗಳು ಮಾರ್ಚ್, ಮೇ, ಜುಲೈ ತಿಂಗಳುಗಳಲ್ಲಿ. 2016ರಲ್ಲಿ ಮೊದಲ ಭಾಗವನ್ನು ಪುಕ್ಕಟೆ ಮಾಡಿದರು, 2018ರಲ್ಲಿ ಆಂಡ್ರಾಯ್ಡ್ ಮೊಬೈಲಿಗೂ ಬಿಟ್ಟರು. ಹೀಗೆ ಅದು ನಮ್ಮ ಸೀಮೆಯ ಕಡೂರು, ತರೀಕೆರೆ, ಅಜ್ಜಂಪುರದವರ ಕೈಗೂ ಎಟುಕಿತು.

ನಮ್ಮ ಮನೆಯ ಮಟ್ಟಿಗೆ ಇದನ್ನು ಆಡಿದವರು ಈ ಮೂರು ಊರುಗಳಿಗೂ ಸೇರಿದವರು. ಅಜ್ಜಂಪುರದ ನನ್ನ ಅಣ್ಣನ ಮಗಳು, ತರೀಕೆರೆಯ ನನ್ನ ತಂಗಿಯ ಮಗ, ಕಡೂರಿನಲ್ಲಿ ನಾನು. ನನ್ನ ತಾಯಿ ಒಂದು ಬಟನ್ನನ್ನೂ ಒತ್ತದೆ ಪಕ್ಕದಲ್ಲಿ ಕೂತೇ ಇಡೀ ಆಟವನ್ನು ನೋಡಿದರು. ಆಟದ ಮಾತೆಲ್ಲ ಇಂಗ್ಲಿಷು, ಕನ್ನಡದ ಸಾಲುಗಳು ಇಲ್ಲ. ಆದ್ದರಿಂದ ಅಣ್ಣನ ಮಗಳು ಪ್ರತಿ ಮಾತನ್ನೂ ಅಜ್ಜಿಗೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದಳು. ಗಮಕದಲ್ಲಿ ಒಬ್ಬರು ವಾಚನ ಮಾಡಿ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರಲ್ಲ, ಅದೇ ಕ್ರಮ. ನಮ್ಮಲ್ಲಿ ಕೇಳುವವರಿಗೆ ನಡುವೆ ಬಾಯಿ ಹಾಕುವ ಹಕ್ಕೂ ಇತ್ತು. ಅಮ್ಮ ಆ ಹಕ್ಕನ್ನು ಧಾರಾಳವಾಗಿ ಬಳಸಿಕೊಂಡರು.

ಒಂದು ಎಚ್ಚರಿಕೆ. ಕಥೆಯ ಕೊನೆಯನ್ನು ನಾನು ಈ ಮಾತಿನಲ್ಲಿ ಹೇಳಿಬಿಡುತ್ತೇನೆ. ಆಡಬೇಕೆಂದಿರುವವರು ಆಡಿ ಮುಗಿಸಿ ನನ್ನ ಜೊತೆ ಜಗಳಕ್ಕೆ ಬರಬಹುದು.

ಅಮೆರಿಕದ ಓರೆಗಾನ್ ರಾಜ್ಯದ ಕಡಲ ತೀರದಲ್ಲಿ ಆರ್ಕೇಡಿಯಾ ಬೇ ಎಂಬ ಕಲ್ಪನೆಯ ಊರು. 2013ರ ಅಕ್ಟೋಬರಿನ ಒಂದೇ ಒಂದು ವಾರ. ಮ್ಯಾಕ್ಸ್ ಕಾಲ್‌ಫೀಲ್ಡ್ ಹದಿನೆಂಟರ ಹುಡುಗಿ. ಫೋಟೊಗ್ರಫಿ ಕಲಿಯಲೆಂದು ಬಾಲ್ಯ ಕಳೆದ ಊರಿಗೆ ಐದು ವರ್ಷದ ಮೇಲೆ ಮರಳಿದ್ದಾಳೆ. ಸೋಮವಾರ ತರಗತಿಯಲ್ಲಿ ಕೂತಿರುವಾಗಲೇ ಒಂದು ದೊಡ್ಡ ಬಿರುಗಾಳಿ ಊರನ್ನು ನುಂಗಲು ಬರುತ್ತಿರುವುದು ಅವಳ ಕಣ್ಣಿಗೆ ಕಟ್ಟುತ್ತದೆ. ಅದಾಗಿ ಸ್ವಲ್ಪ ಹೊತ್ತಿಗೆ ಶಾಲೆಯ ಶೌಚಾಲಯದಲ್ಲಿ ಒಬ್ಬ ಹುಡುಗಿಗೆ ಗುಂಡೇಟು ಬೀಳುತ್ತದೆ. ಮ್ಯಾಕ್ಸ್ ಗಾಬರಿಯಿಂದ ಕೈ ಚಾಚುತ್ತಾಳೆ, ಕಾಲ ಹಿಂದಕ್ಕೆ ಸರಿಯುತ್ತದೆ! ಸ್ವಲ್ಪ ಹೊತ್ತಿನಷ್ಟನ್ನು ಹಿಂದಕ್ಕೆ ತಿರುಗಿಸುವ ಶಕ್ತಿ ಅವಳಿಗೆ ಬಂದಿದೆ. ಹಾಗೆ ತಿರುಗಿಸಿ ಉಳಿಸಿಕೊಂಡ ಹುಡುಗಿ ಬೇರಾರೂ ಅಲ್ಲ, ಅವಳ ಬಾಲ್ಯದ ಗೆಳತಿ ಕ್ಲೋಯಿ ಪ್ರೈಸ್.

ಇಂಥ ಶಕ್ತಿ ಕೈಯಲ್ಲಿದ್ದರೆ ಆಟ ಸಲೀಸಾಗಬೇಕಲ್ಲವೇ? ಹೇಳಿದ ಮಾತು ಸರಿಬರಲಿಲ್ಲವೆಂದರೆ ಹಿಂದೆ ಹೋಗಿ ಬೇರೆ ಮಾತು ಹೇಳಿದರಾಯಿತು. ಆಡಿ ನೋಡಿದರೆ ಗೊತ್ತಾಗುತ್ತದೆ, ಎರಡು ಮಾತಿನಲ್ಲಿ ಯಾವುದನ್ನು ಆಡಿದರೂ ಮನಸ್ಸಿಗೆ ಕಸಿವಿಸಿ ತಪ್ಪದು. ಉದಾಹರಣೆಗೆ, ಶೌಚಾಲಯದಲ್ಲಿ ಪಿಸ್ತೂಲು ಹಿಡಿದಿದ್ದವನು ನೇಥನ್ ಪ್ರೆಸ್ಕಾಟ್, ಊರಿನ ದೊಡ್ಡ ಕುಳದ ಮಗ. ಪ್ರಾಂಶುಪಾಲರು ಹೊರಗೆ ಸಿಕ್ಕಿ, ಯಾಕೆ ಗಾಬರಿಯಾಗಿದ್ದೀಯ ಎಂದು ಕೇಳುತ್ತಾರೆ. ಹೇಳುವುದೋ ಬಿಡುವುದೋ? ತಂಗಿಯ ಮಗ ತಕ್ಷಣ ಹೇಳಿಬಿಟ್ಟ. “ಪಿಸ್ತೂಲ್ ತಂದಿದಾನೆ ದೊಡ್ಡಮ್ಮ, ಸುಮ್ನಿರೋಕಾಗುತ್ತಾ?” ಎಂದ. ಅಣ್ಣನ ಮಗಳು ಮುಚ್ಚಿಟ್ಟಳು. “ಶಾಲೆಗೆ ದುಡ್ಡು ಕೊಡೋದೇ ಅವರಪ್ಪ. ಇವಳು ಸ್ಕಾಲರ್‌ಶಿಪ್ಪಲ್ಲಿ ಓದೋಳು. ಹೇಳಿದ್ರೆ ಯಾರಿಗೆ ತೊಂದ್ರೆ, ನೀವೇ ಹೇಳಿ ಅತ್ತೆ” ಎಂದಳು. ಇಬ್ಬರೂ ಆಟದ ಬಗ್ಗೆ ಮಾತಾಡುತ್ತಿರಲಿಲ್ಲ. ತಾವು ಓದಿದ ಕಾಲೇಜು, ತಾವು ಕಂಡ ದೊಡ್ಡವರು, ತಮಗಿರುವ ಭಯಗಳ ಬಗ್ಗೆ ಮಾತಾಡುತ್ತಿದ್ದರು. ಇಂಥ ಆಟದ ಅನುಭವ ಕೇಳಹೊರಟರೆ ಮೊದಲು ಸಿಗುವುದು ಆಡಿದವರ ಪರಿಚಯ.

ಭಾಗ ಭಾಗವಾಗಿ ಕಥೆ ಕೇಳುವುದು ನಮ್ಮ ಸೀಮೆಗೆ ಹೊಸತೇನಲ್ಲ. ತರೀಕೆರೆಗೆ ಹತ್ತಿರದ ಅಮೃತಾಪುರಕ್ಕೆ ಹೋದವರು ಅಮೃತೇಶ್ವರ ದೇವಾಲಯದ ಮಂಟಪದ ಹೊರಗೋಡೆಯನ್ನು ನೋಡಿರುತ್ತೀರಿ. ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ. ಆ ಗೋಡೆಯ ಮೇಲೆ 140 ಫಲಕಗಳಲ್ಲಿ ಕಥೆ ಇದೆ. ತೆಂಕಣ ಗೋಡೆಯ 70ರಲ್ಲಿ ರಾಮಾಯಣ. ಬಡಗಣ ಗೋಡೆಯ 25ರಲ್ಲಿ ಕೃಷ್ಣನ ಕಥೆ, 45ರಲ್ಲಿ ಮಹಾಭಾರತ. ವಿಶೇಷವೆಂದರೆ ಅಲ್ಲಿಯ ರಾಮಾಯಣ ನಾವು ಪ್ರದಕ್ಷಿಣೆ ಹಾಕುವ ದಿಕ್ಕಿನಲ್ಲಿ ಸಾಗುವುದಿಲ್ಲ, ಅದಕ್ಕೆದುರಾಗಿ ಸಾಗುತ್ತದೆ. ಕಥೆ ಬೇಕೆಂದರೆ ನೋಡುವವನು ರೂಢಿಯ ದಾರಿ ಬಿಟ್ಟು ಕಾಲು ಸವೆಸಬೇಕು. ಒಂದು ಫಲಕದಿಂದ ಮುಂದಿನದಕ್ಕೆ ಇಡುವ ಹೆಜ್ಜೆ ಇದೆಯಲ್ಲ, ಅಲ್ಲಿ ಶಿಲ್ಪಿ ಏನನ್ನೂ ಕೆತ್ತಿಲ್ಲ. ಅಲ್ಲಿ ಕಥೆ ನಡೆಯುವುದು ನಮ್ಮ ತಲೆಯಲ್ಲಿ.

ಕಾಗದದ ಕಾಲಕ್ಕೆ ಬಂದರೆ ವಾರಪತ್ರಿಕೆಯ ಧಾರಾವಾಹಿ. ‘ಸುಧಾ’ ಶುರುವಾದದ್ದು 1965ರಲ್ಲಿ. ನನ್ನ ತಾಯಿ ಧಾರಾವಾಹಿಯ ಪುಟಗಳನ್ನು ವಾರವಾರ ಕತ್ತರಿಸಿಟ್ಟು, ಮುಗಿದ ಮೇಲೆ ದಬ್ಬಳದಲ್ಲಿ ಹೊಲಿದು ಪುಸ್ತಕ ಮಾಡುತ್ತಿದ್ದರು. ಅಂಥ ಪುಸ್ತಕ ಇಲ್ಲದ ಮನೆ ಆಗ ಬೀರೂರು ಕಡೂರಿನಲ್ಲಿ ಕಡಿಮೆ. ಓದುವುದಕ್ಕೆ ಹಿಡಿಯುತ್ತಿದ್ದದ್ದು ಅರ್ಧ ಗಂಟೆ. ಉಳಿದ ಆರೂ ಮುಕ್ಕಾಲು ದಿನ ಅದರ ಬಗ್ಗೆ ಬಾವಿಕಟ್ಟೆಯಲ್ಲಿ ಮಾತು.

ಈ ಆಟವನ್ನು 2015ರಲ್ಲಿ ಆಡಿದವರಿಗೂ ಅಂಥ ಬಿಡುವು ಸಿಕ್ಕಿತ್ತು. ಒಂದು ಭಾಗ ಮುಗಿಸಲು ಎರಡು ಮೂರು ಗಂಟೆ, ಮುಂದಿನದಕ್ಕೆ ಕಾಯಲು ಎರಡು ಮೂರು ತಿಂಗಳು. ಈಗ ಐದೂ ಭಾಗ ಒಟ್ಟಿಗೇ ಸಿಗುತ್ತವೆ, ಒಂದು ಶನಿವಾರ ಭಾನುವಾರದಲ್ಲಿ ಕಬಳಿಸಿಬಿಡಬಹುದು. ತಂಗಿಯ ಮಗ ಮಾಡಿದ್ದು ಹಾಗೆಯೇ. ಅಣ್ಣನ ಮಗಳು ಶಿವಮೊಗ್ಗದ ಹಾಸ್ಟೆಲಿನಿಂದ ರಜೆಗೆ ಬಂದಾಗ ನಮ್ಮ ಮನೆಯಲ್ಲಿ ಕೂತು ಒಂದೊಂದು ಭಾಗ ಆಡಿದಳು. ಯಾವುದು ಒಳ್ಳೆಯದೆಂದು ಕೇಳಿದರೆ ನನ್ನ ಮತ ಎರಡನೆಯದಕ್ಕೆ. ತಡೆದು ತಡೆದು ಆಡಿದವಳಿಗೆ ತನ್ನ ತೀರ್ಮಾನಗಳು ನೆನಪಿದ್ದವು, ಬೇಗ ಮುಗಿಸಿದವನಿಗೆ ಬರೀ ಕಥೆ ನೆನಪಿತ್ತು.

ಇನ್ನು ಎರಡನೆಯ ಭಾಗದ ಕೊನೆಗೆ ಬರೋಣ. ಆಟದ ಅತ್ಯುತ್ತಮ ಘಟ್ಟ ಅದೇ ಎಂದು ನಾಲ್ವರೂ ಒಪ್ಪಿದೆವು. ಕೇಟ್ ಮಾರ್ಷ್ ಎಂಬ ಹುಡುಗಿ, ಭಕ್ತಿವಂತರ ಮನೆಯ ಮಗಳು, ಮೆದು ಸ್ವಭಾವ. ಒಂದು ಪಾರ್ಟಿಯಲ್ಲಿ ಅವಳಿಗೆ ಗೊತ್ತಿಲ್ಲದೆ ಏನೋ ಕುಡಿಸಿ, ಅವಳ ವಿಡಿಯೊ ತೆಗೆದು ಎಲ್ಲರಿಗೂ ಹಂಚಿದ್ದಾರೆ. ಶಾಲೆಯೆಲ್ಲ ಅವಳನ್ನು ಹಂಗಿಸುತ್ತಿದೆ. ಆಟದ ನಡುವೆ ಎಲ್ಲೆಲ್ಲೋ ಅವಳು ಎದುರಾಗುತ್ತಾಳೆ. ಅವಳ ಕೋಣೆಗೆ ಪುಸ್ತಕ ತರಲು ಹೋಗುವ ಸಂದರ್ಭ ಬರುತ್ತದೆ. ಕ್ಲೋಯಿ ಜೊತೆ ಹರಟುತ್ತಿರುವಾಗ ಅವಳ ಫೋನು ಬರುತ್ತದೆ. ಫೋನು ತೆಗೆಯಬೇಡ ಎಂದು ಕ್ಲೋಯಿ ಮುನಿಸಿಕೊಳ್ಳುತ್ತಾಳೆ. ಆ ಹೊತ್ತಿಗೆ ಇವೆಲ್ಲ ಸಣ್ಣ ಸಂಗತಿಗಳು.

ದಿನ ಮುಗಿಯುವ ಮುನ್ನ ಕೇಟ್ ಹಾಸ್ಟೆಲಿನ ಮಾಳಿಗೆಯ ಅಂಚಿಗೆ ಹೋಗಿ ನಿಂತಿದ್ದಾಳೆ. ಮ್ಯಾಕ್ಸ್ ಅಲ್ಲಿಗೆ ತಲುಪುವಷ್ಟರಲ್ಲಿ ಅವಳ ಶಕ್ತಿ ಬತ್ತಿಹೋಗಿದೆ. ಇನ್ನು ಕಾಲ ಹಿಂದಕ್ಕೆ ತಿರುಗುವುದಿಲ್ಲ. ಆಡಿದ ಮಾತೇ ಮಾತು. ನಿನ್ನ ಮೇಲೆ ಪ್ರೀತಿ ಇಟ್ಟವರಿದ್ದಾರೆ ಎಂದು ಹೇಳಹೋದರೆ ‘ಯಾರು?’ ಎನ್ನುತ್ತಾಳೆ. ಆಟ ನಾಲ್ಕು ಹೆಸರುಗಳನ್ನು ಮುಂದಿಡುತ್ತದೆ. ತಾಯಿಯೇ, ತಂದೆಯೇ, ತಂಗಿಯರೇ, ಅಣ್ಣತಮ್ಮಂದಿರೇ? ಅವಳ ಕೋಣೆಯಲ್ಲಿದ್ದ ಚಿತ್ರಗಳನ್ನು, ಪತ್ರಗಳನ್ನು ನಿಂತು ನೋಡಿದವರಿಗಷ್ಟೇ ಉತ್ತರ ಗೊತ್ತು. ತಂಗಿಯ ಮಗ ನೋಡಿದ್ದ, ಫೋನೂ ತೆಗೆದಿದ್ದ. ಅವನಿಗೆ ಕೇಟ್ ಉಳಿದಳು. ಅಣ್ಣನ ಮಗಳು ಪುಸ್ತಕ ಸಿಕ್ಕಿದ ಕೂಡಲೇ ಕೋಣೆಯಿಂದ ಹೊರಬಿದ್ದಿದ್ದಳು. ಅವಳಿಗೆ ಕೇಟ್ ಉಳಿಯಲಿಲ್ಲ. ಹಿಂದೆ ಹೋಗುವ ಬಟನ್ನನ್ನು ಒತ್ತಿ ಒತ್ತಿ ನೋಡಿದಳು. ಅಮ್ಮ ಆಗ ಹೇಳಿದ್ದು ಇಷ್ಟೇ: “ಬೆಳಗ್ಗೆನೇ ಮಾತಾಡ್ಸಿದ್ರೆ ಸಂಜೆ ಮೇಲೆ ಹತ್ತೋ ಪ್ರಮೇಯ ಬರ್ತಿರ್ಲಿಲ್ಲ.”

ಈ ಮಾತನ್ನು ಗುರುತು ಹಾಕಿಟ್ಟುಕೊಳ್ಳಿ, ನನ್ನ ಕೊನೆಯ ವಾದ ನಿಂತಿರುವುದು ಇದರ ಮೇಲೆಯೇ.

ಮೂರನೆಯ ಭಾಗದ ಕೊನೆಯಲ್ಲಿ ಮ್ಯಾಕ್ಸ್‌ಗೆ ಇನ್ನೊಂದು ವಿದ್ಯೆ ಸಿದ್ಧಿಸುತ್ತದೆ. ಹಳೆಯ ಫೋಟೊವನ್ನು ದಿಟ್ಟಿಸಿ ನೋಡಿದರೆ ಆ ಗಳಿಗೆಗೇ ಹೋಗಬಲ್ಲಳು. ಕ್ಲೋಯಿಯ ತಂದೆ ವಿಲಿಯಂ ಕಾರು ಅಪಘಾತದಲ್ಲಿ ತೀರಿಕೊಂಡ ದಿನದ ಫೋಟೊ ಸಿಗುತ್ತದೆ. ಮ್ಯಾಕ್ಸ್ ಅಲ್ಲಿಗೆ ಹೋಗಿ ಕಾರಿನ ಕೀಲಿ ಬಚ್ಚಿಟ್ಟು ಅವನನ್ನು ಉಳಿಸುತ್ತಾಳೆ. ಮರಳಿ ಬಂದು ನೋಡಿದರೆ ವಿಲಿಯಂ ಬದುಕಿದ್ದಾನೆ. ಅವನು ಕೊಡಿಸಿದ ಕಾರಿನಲ್ಲಿ ಕ್ಲೋಯಿಗೆ ಅಪಘಾತವಾಗಿ ಅವಳು ಕತ್ತಿನಿಂದ ಕೆಳಗೆ ಅಲುಗಾಡದಂತಾಗಿದ್ದಾಳೆ. ನಾಲ್ಕನೆಯ ಭಾಗದಲ್ಲಿ ಮ್ಯಾಕ್ಸ್ ಮತ್ತೆ ಹಿಂದೆ ಹೋಗಿ, ಆ ಒಳ್ಳೆಯ ಮನುಷ್ಯ ಕಾರು ಹತ್ತಿ ಹೋಗುವುದನ್ನು ನೋಡುತ್ತ ನಿಲ್ಲಬೇಕು. ಬಟನ್ ಒತ್ತುವವರು ನಾವು, ತಪ್ಪಿಸಿಕೊಳ್ಳಲು ದಾರಿ ಇಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ದಾರಿ ಇಲ್ಲವೆಂದ ಮೇಲೆ ಇದು ನಮ್ಮ ಆಯ್ಕೆ ಹೇಗಾಯಿತು? ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ ಕವಿ ನೆನಪಾಗುತ್ತಾನೆ. ಅವನ ‘ಜೈಮಿನಿ ಭಾರತ’ ವಾರ್ಧಕ ಷಟ್ಪದಿಯ 34 ಸಂಧಿಗಳ ಕಾವ್ಯ. ಧರ್ಮರಾಯನ ಅಶ್ವಮೇಧದ ಕುದುರೆ ಇಷ್ಟಬಂದ ಕಡೆ ಹೋಗುತ್ತದೆ, ಅರ್ಜುನನ ಸೇನೆ ಅದರ ಹಿಂದೆ ಹೋಗಬೇಕು. ಕುದುರೆ ಹೊಕ್ಕ ಊರಿಗೊಂದು ಕಥೆ. ಸುಧನ್ವನದು, ಬಭ್ರುವಾಹನನದು, ಮಯೂರಧ್ವಜನದು, ಚಂದ್ರಹಾಸನದು. ಕುದುರೆಗೆ ಲಗಾಮಿಲ್ಲ ಎಂದು ತೋರುತ್ತದೆ. ಅದು ಎಲ್ಲಿಗೆ ಹೋಗಬೇಕೆಂದು ಕವಿ ಮೊದಲೇ ಬಲ್ಲ. ಗೇಮಿನಲ್ಲಿ ನಮ್ಮ ಕೈಗೆ ಕುದುರೆಯ ಲಗಾಮನ್ನೇ ಕೊಟ್ಟಂತೆ ಮಾಡಿ, ದಾರಿಯ ಎರಡೂ ಬದಿಗೆ ಬೇಲಿ ಹಾಕಿರುತ್ತಾರೆ. ಹಾದಿಯ ಮೇಲೆ ಓರೆಕೋರೆ ನಡೆಯಬಹುದು, ಬೇಲಿ ದಾಟುವಂತಿಲ್ಲ.

ತಂಗಿಯ ಮಗನಿಗೆ ಇದೇ ದೊಡ್ಡ ಸಿಟ್ಟು. ಅವನು ಇಂಥ ಆಟಗಳಲ್ಲಿ ಪಳಗಿದವನು. 2012ರಲ್ಲಿ ಟೆಲ್‌ಟೇಲ್ ಕಂಪನಿ ಐದು ಭಾಗಗಳಲ್ಲಿ ತಂದ ‘ದ ವಾಕಿಂಗ್ ಡೆಡ್’ ಆಡಿದ್ದ. ಅದರಲ್ಲಿ ಕ್ಲೆಮೆಂಟೈನ್ ಎಂಬ ಪುಟ್ಟ ಹುಡುಗಿಯ ಎದುರು ನಾವು ಏನಾದರೂ ಮಾಡಿದರೆ, ಅವಳು ಇದನ್ನು ಮರೆಯುವುದಿಲ್ಲ ಎಂದು ಪರದೆಯ ಮೂಲೆಯಲ್ಲಿ ಮೂಡುತ್ತಿತ್ತು. ಅದನ್ನು ಕಂಡು ಎದೆ ಝಲ್ ಎನ್ನುತ್ತಿತ್ತಂತೆ. ಎರಡನೆಯ ಸಲ ಬೇರೆ ಮಾತುಗಳನ್ನು ಆರಿಸಿ ಆಡಿದಾಗ, ಹೆಚ್ಚು ಕಡಿಮೆ ಅದೇ ಜಾಗಕ್ಕೆ ಬಂದು ನಿಂತ. “ಮೋಸ ದೊಡ್ಡಮ್ಮ ಇದು” ಎಂದು ಗೊಣಗಿದ. ಭಾಗಗಳಾಗಿ ಬರುವ ಆಟಕ್ಕೆ ಇನ್ನೊಂದು ಅಪಾಯವೂ ಉಂಟು. ಅದೇ ಟೆಲ್‌ಟೇಲ್ ಕಂಪನಿ ಕ್ಲೆಮೆಂಟೈನ್ ಕಥೆಯ ಕೊನೆಯ ಸರಣಿಯ ನಡುವೆ, 2018ರ ಸೆಪ್ಟೆಂಬರಿನಲ್ಲಿ ಬಾಗಿಲು ಹಾಕಿತು. ನಾಲ್ಕರಲ್ಲಿ ಎರಡು ಭಾಗ ಬಾಕಿ. ಸ್ಕೈಬೌಂಡ್ ಎಂಬ ಸಂಸ್ಥೆ ಕೈಗೆತ್ತಿಕೊಂಡು 2019ರ ಜನವರಿ, ಮಾರ್ಚ್ ತಿಂಗಳಲ್ಲಿ ಮುಗಿಸಿತು. ಆ ನಡುವೆ ಆಟಗಾರರು ಕಥೆಯ ಗತಿ ಏನೆಂದು ತಿಳಿಯದೆ ಒದ್ದಾಡಿದರು.

‘ಲೈಫ್ ಈಸ್ ಸ್ಟ್ರೇಂಜ್’ ಮೇಲೂ ದೂರುಗಳಿವೆ. ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ಸಾಲದು. ಎರಡನೆಯ ಭಾಗದಲ್ಲಿ ಗುಜರಿ ಅಂಗಳದಲ್ಲಿ ಐದು ಖಾಲಿ ಬಾಟಲಿ ಹುಡುಕುವ ಕೆಲಸ ಶುದ್ಧ ಬೇಸರದ್ದು. ಇವು ಸಣ್ಣವು. ದೊಡ್ಡ ದೂರು ಐದನೆಯ ಭಾಗದ ಕೊನೆಯ ಮೇಲೆ.

ಶುಕ್ರವಾರ. ಬಿರುಗಾಳಿ ಬಂದೇ ಬಂದಿದೆ. ಮ್ಯಾಕ್ಸ್, ಕ್ಲೋಯಿ ಇಬ್ಬರೂ ಗುಡ್ಡದ ಮೇಲಿನ ದೀಪಸ್ತಂಭದ ಬಳಿ ನಿಂತು ನೋಡುತ್ತಿದ್ದಾರೆ, ಕೆಳಗೆ ಊರು. ಕ್ಲೋಯಿ ಸೋಮವಾರವೇ ಸಾಯಬೇಕಿತ್ತು, ಅವಳನ್ನು ಉಳಿಸಿದ್ದರಿಂದಲೇ ಪ್ರಕೃತಿ ಹದಗೆಟ್ಟು ಈ ಗಾಳಿ ಎದ್ದಿದೆ ಎಂದು ಕಥೆ ತಿಳಿಸುತ್ತದೆ. ಮ್ಯಾಕ್ಸ್ ಆ ಸೋಮವಾರ ಶೌಚಾಲಯದಲ್ಲಿ ತೆಗೆದಿದ್ದ ಚಿಟ್ಟೆಯ ಫೋಟೊವನ್ನು ಕ್ಲೋಯಿ ತಾನೇ ಗೆಳತಿಯ ಕೈಗಿಡುತ್ತಾಳೆ. ಅಲ್ಲಿಗೆ ಮರಳಿ ಹೋಗಿ ಅವಳನ್ನು ಸಾಯಲು ಬಿಟ್ಟರೆ ಊರು ಉಳಿಯುತ್ತದೆ. ಫೋಟೊ ಹರಿದರೆ ಅವಳು ಉಳಿಯುತ್ತಾಳೆ. ಪರದೆಯ ಮೇಲೆ ಎರಡೇ ಆಯ್ಕೆ. ಹುಡುಗಿಯೋ, ಊರೋ.

ಇದನ್ನು ನೋಡಿದಾಗ ಕಡೂರಿನವರಿಗೆ ಏನು ನೆನಪಾಗಬೇಕು? ಬಾಬಾಬುಡನ್‌ಗಿರಿಯ ಕಡೆಯಿಂದ ಇಳಿಯುವ ವೇದಾ ಹಳ್ಳ ಅಯ್ಯನಕೆರೆಯನ್ನು ತುಂಬುತ್ತದೆ, ಆವತಿ ಹಳ್ಳ ಮದಗದ ಕೆರೆಯನ್ನು. ಎರಡೂ ಮುಂದೆ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರದ ಕಡೆ ಹೋಗುತ್ತವೆ. ಬಯಲುಸೀಮೆಯ ಈ ಊರುಗಳಿಗೆ ಕೆರೆ ತುಂಬದಿದ್ದರೂ ಕಷ್ಟ, ತುಂಬಿ ಒಡೆದರೂ ಕಷ್ಟ. ಮದಗದ ಕೆರೆಗೆ ಸುರಿದ ಮಾಯದ ಮಳೆಯ ಜನಪದ ಹಾಡು ನಾಡಿಗೆಲ್ಲ ಗೊತ್ತು. ಸಾವಿರಗಟ್ಟಲೆ ಒಡ್ಡರು ಬಂದು ಮಣ್ಣು ಹಾಕಿದರೂ, ಸಾವಿರಗಟ್ಟಲೆ ಕುರಿ ಕೊಟ್ಟರೂ ಗಂಗಮ್ಮ ನಿಲ್ಲಲು ಒಪ್ಪುವುದಿಲ್ಲ.

ಅಯ್ಯನಕೆರೆಗೂ ಒಂದು ಕಥೆ ಇದೆ. ಹಲವು ಪಾಠಗಳುಂಟು, ನಾನು ಕೇಳಿದ್ದು ಹೀಗೆ. ಕೆರೆ ಕಾಯುವವನ ಎದುರು ಗಂಗಮ್ಮ ಬಂದು, ಏರಿ ಒಡೆದು ಹೊರಟೆ ಎನ್ನುತ್ತಾಳೆ. ಅರಸನಿಗೆ ಸುದ್ದಿ ಮುಟ್ಟಿಸಿ ಬರುತ್ತೇನೆ, ನಾನು ಬರುವ ತನಕ ನಿಲ್ಲು ತಾಯಿ ಎಂದು ಅವಳಿಂದ ಮಾತು ತೆಗೆದುಕೊಂಡು ಅವನು ಓಡುತ್ತಾನೆ. ರುಕ್ಮಾಂಗದ ಅರಸ ಎಲ್ಲವನ್ನೂ ಕೇಳಿ ಲೆಕ್ಕ ಹಾಕುತ್ತಾನೆ. ಇವನು ಮರಳಿ ಹೋಗದಿದ್ದರೆ ಗಂಗೆ ಕದಲುವಂತಿಲ್ಲ. ಓಡಿ ಬಂದವನ ತಲೆ ಅಲ್ಲೇ ಉರುಳುತ್ತದೆ. ಕೆರೆ ಉಳಿಯಿತು. ಸಖರಾಯಪಟ್ಟಣಕ್ಕೆ ಹೆಸರು ಬಂದದ್ದು ಆ ಕಾವಲಿನವನಿಂದ ಎನ್ನುತ್ತಾರೆ. ಇನ್ನು ಕೆರೆಗೆ ನೀರು ಬರಲೆಂದು ಬಲಿಯಾಗುವ, ‘ಕೆರೆಗೆ ಹಾರ’ ಎಂಬ ಜನಪದ ಹಾಡಿನ ಭಾಗೀರಥಿಯಂತೂ ಶಾಲೆಗೆ ಹೋದ ಎಲ್ಲರಿಗೂ ಗೊತ್ತು.

ನಾನು ಕೊನೆಯ ಬಟನ್ ಒತ್ತುವಾಗ ಊರನ್ನೇ ಉಳಿಸಿದೆ. ಹೆಚ್ಚು ಹೊತ್ತು ಯೋಚಿಸಬೇಕಾಗಲಿಲ್ಲ. ಈ ಕಥೆಗಳನ್ನು ಕೇಳಿ ಬೆಳೆದ ಕೈಗೆ ಯಾವ ಕಡೆ ಹೋಗಬೇಕೆಂದು ಮೊದಲೇ ಗೊತ್ತಿತ್ತು. ತಂಗಿಯ ಮಗನೂ ಊರನ್ನೇ ಆರಿಸಿದ. ಅಷ್ಟು ಜನರ ಮುಂದೆ ಒಬ್ಬಳು ಎಂದು ಎಣಿಕೆ ಮಾಡಿದ. ಅಣ್ಣನ ಮಗಳು ಫೋಟೊ ಹರಿದಳು. ಹರಿದು ನಮ್ಮಿಬ್ಬರನ್ನೂ ತರಾಟೆಗೆ ತೆಗೆದುಕೊಂಡಳು. “ಅವಳೇ ಫೋಟೊ ಕೊಡೋ ಹಾಗೆ ಯಾಕೆ ಬರೆದಿದಾರೆ ಗೊತ್ತಾ ಅತ್ತೆ? ನಮಗೆ ಪಾಪ ಅನ್ನಿಸಬಾರದು ಅಂತ.” ಅಮ್ಮ ತಲೆಯಾಡಿಸಿದರು. “ಹೂಂ ಮತ್ತೆ. ಸಾಯೋಳು ಒಪ್ಕೊಂಡ್ರೆ ಉಳಿಯೋರ್ಗೆ ಹಗುರ.”

ಈ ಮಾತು ಕೇಳಿದ ಮೇಲೆ ನಮ್ಮ ಕೆರೆಯ ಕಥೆಗಳನ್ನು ಮತ್ತೊಮ್ಮೆ ತಿರುವಿಹಾಕಿದೆ. ಬಲಿ ಹೋಗುವವರು ಒಪ್ಪಿ ಹೋದರೆಂದು ಹೇಳುವುದು ಹಳೆಯ ಉಪಾಯ. ಭಾಗೀರಥಿ ಮೌನವಾಗಿ ಹೋಗುತ್ತಾಳೆ. ಆದರೆ ಆ ಹಾಡು ಕಟ್ಟಿದವರು ಅಲ್ಲಿಗೆ ಕೈತೊಳೆದುಕೊಳ್ಳಲಿಲ್ಲ. ಗಂಡ ಮಾದೇವರಾಯ ದಂಡಿನಿಂದ ಮರಳಿ ಅದೇ ಕೆರೆಗೆ ಹಾರುತ್ತಾನೆ. ಊರಿಗೆ ನೀರು ದಕ್ಕಿತು, ನೆಮ್ಮದಿ ದಕ್ಕಲಿಲ್ಲ. ಅಯ್ಯನಕೆರೆಯ ಕಥೆ ಇನ್ನೂ ನೇರ. ಅಲ್ಲಿ ಒಪ್ಪಿಗೆಯ ಮಾತೇ ಇಲ್ಲ. ತೀರ್ಮಾನ ಮಾಡಿದವನು ಒಬ್ಬ, ತಲೆ ಕೊಟ್ಟವನು ಇನ್ನೊಬ್ಬ. ಗೇಮ್ ಮಾಡಿದವರು ಈ ವಿಷಯದಲ್ಲಿ ನಮ್ಮ ಜನಪದರಷ್ಟು ಗಟ್ಟಿಗರಲ್ಲ. ಊರನ್ನು ಉಳಿಸಿದವರಿಗೆ ಶವಸಂಸ್ಕಾರ, ಕಣ್ಣೀರು, ಚಿಟ್ಟೆ, ಹಾಡು ಎಲ್ಲವನ್ನೂ ಬಿಡುವಾಗಿ ತೋರಿಸುತ್ತಾರೆ. ಗೆಳತಿಯನ್ನು ಉಳಿಸಿದವರಿಗೆ ಹಾಳುಬಿದ್ದ ಊರಿನ ನಡುವೆ ಒಂದು ಗಾಡಿ ಹಾದುಹೋಗುವ ಸಣ್ಣ ದೃಶ್ಯ, ಅಷ್ಟೇ. ಎರಡೂ ಸಮ ಎಂದು ಬಾಯಲ್ಲಿ ಹೇಳಿದರೂ ತಮ್ಮ ಒಲವು ಯಾವ ಕಡೆಗೆಂದು ಅವರು ಬಿಟ್ಟುಕೊಟ್ಟಿದ್ದಾರೆ. ಆಡಿದ ಬಹಳ ಜನರು ಆಕ್ಷೇಪ ಎತ್ತಿದ್ದು ಇದಕ್ಕೇ.

ಇನ್ನೊಂದು ಆಕ್ಷೇಪ, ಕೊನೆಯ ಒಂದು ಬಟನ್ನು ಐದು ಭಾಗಗಳ ಎಲ್ಲ ತೀರ್ಮಾನಗಳನ್ನು ಒರೆಸಿಹಾಕುತ್ತದೆ ಎಂಬುದು. ಸೋಮವಾರಕ್ಕೆ ಮರಳಿದರೆ ಆ ವಾರದಲ್ಲಿ ಮಾಡಿದ್ದೆಲ್ಲ ನಡೆದೇ ಇಲ್ಲ. ಫೋಟೊ ಹರಿದರೆ ಊರೇ ಇಲ್ಲ. ಹಾಗಾದರೆ ಕೇಟ್‌ಳ ಕೋಣೆಯನ್ನು ನೋಡಿದ್ದೇಕೆ, ಫೋನು ತೆಗೆದದ್ದೇಕೆ ಎಂದು ತಂಗಿಯ ಮಗ ಕೇಳಿದ. ನಾನೂ ಇದನ್ನು ಒಪ್ಪುವವಳಿದ್ದೆ. ಅಷ್ಟರಲ್ಲಿ ಅಮ್ಮ ಕೇಳಿದ ಒಂದು ಪ್ರಶ್ನೆ ನನ್ನ ಯೋಚನೆಯನ್ನೇ ಬೇರೆ ಕಡೆಗೆ ತಿರುಗಿಸಿತು.

“ಗಾಳಿ ಬರೋದು ಅವಳಿಗೆ ಸೋಮವಾರನೇ ಗೊತ್ತಿತ್ತಲ್ಲ. ಊರೋರಿಗೆ ಸಾರಿ ಹೇಳೋಕೆ ಏನಾಗಿತ್ತು?”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಟದಲ್ಲಿ ವಾರವೆಲ್ಲ ಸೂಚನೆಗಳು ಬರುತ್ತವೆ. ಬೆಚ್ಚಗಿನ ದಿನದಲ್ಲಿ ಹಿಮ ಬೀಳುತ್ತದೆ. ಹಕ್ಕಿಗಳು ಸತ್ತು ಬೀಳುತ್ತವೆ. ದಡದಲ್ಲಿ ತಿಮಿಂಗಿಲಗಳು ಬಿದ್ದಿವೆ. ಆಕಾಶದಲ್ಲಿ ಎರಡು ಚಂದ್ರ. ಎಲ್ಲರೂ ಫೋಟೊ ತೆಗೆಯುತ್ತಾರೆ, ಊರು ಬಿಡುವ ಮಾತು ಯಾರೂ ಎತ್ತುವುದಿಲ್ಲ. ಮ್ಯಾಕ್ಸ್ ತಾನು ಸೋಮವಾರ ಕಂಡದ್ದನ್ನು ಗೆಳತಿಗೂ ಒಬ್ಬಿಬ್ಬರಿಗೂ ಹೇಳಿದ್ದು ಬಿಟ್ಟರೆ ಊರಿಗೆ ಸಾರಲಿಲ್ಲ. ಸಾರುವ ಬಟನ್ನೂ ನಮಗೆ ಇರಲಿಲ್ಲ.

ಹುಡುಗಿಯೋ ಊರೋ ಎಂಬ ಪ್ರಶ್ನೆ ಎದುರಾಗುವುದು ಬೇರೆಲ್ಲ ದಾರಿಗಳೂ ಮುಚ್ಚಿಹೋದ ಮೇಲೆ. ಒಡ್ಡರು ಬಿರುಕಿಗೆ ಮಣ್ಣು ಹಾಕಲು ಓಡಿ ಬಂದದ್ದು ಗಂಗಮ್ಮ ಹೊರಟು ನಿಂತ ಮೇಲೆ. ಬೇಸಿಗೆಯಲ್ಲಿ ಹೂಳು ತೆಗೆದಿದ್ದರೆ, ತೂಬು ನೋಡಿದ್ದರೆ, ಕೋಡಿಯನ್ನು ಭದ್ರ ಮಾಡಿದ್ದರೆ ಯಾರ ತಲೆಯನ್ನೂ ಕೇಳುವ ಹೊತ್ತು ಬರುತ್ತಿರಲಿಲ್ಲವೇನೋ. ಹಾಡು ಆ ಬೇಸಿಗೆಯ ಬಗ್ಗೆ ಹೇಳುವುದಿಲ್ಲ, ಬೇಸಿಗೆಯ ದುಡಿತದಲ್ಲಿ ಹಾಡುವಂಥದ್ದೇನೂ ಇಲ್ಲ. ಕಥೆಗೆ ಬೇಕಾದದ್ದು ಕೊನೆಯ ರಾತ್ರಿ. ಬದುಕಿಗೆ ಬೇಕಾದದ್ದು ಅದಕ್ಕೂ ಮುಂಚಿನ ನೂರು ಸಪ್ಪೆ ದಿನಗಳು.

ಭಾಗಗಳಲ್ಲಿ ಬರುವ ಈ ಆಟದ ಬೆಲೆ ನನಗೆ ಕಂಡದ್ದು ಅಲ್ಲಿ. ಎರಡನೆಯ ಭಾಗದಲ್ಲಿ ಅದು ಆ ಸಪ್ಪೆ ಕ್ಷಣಗಳಿಗೆ ಬೆಲೆ ಕೊಟ್ಟಿತು. ಒಂದು ಕೋಣೆಯಲ್ಲಿ ನಿಂತು ಕಣ್ಣಾಡಿಸಿದ್ದಕ್ಕೆ, ಬೇಡದ ಹೊತ್ತಿನಲ್ಲಿ ಬಂದ ಫೋನು ತೆಗೆದದ್ದಕ್ಕೆ ಒಂದು ಜೀವ ಉಳಿಯಿತು. ಐದನೆಯ ಭಾಗದಲ್ಲಿ ಅದೇ ಆಟ ತಾನು ಕಲಿಸಿದ ಪಾಠ ಮರೆತು, ಒಂದೇ ಬಟನ್ನಿನ ಮೇಲೆ ಎಲ್ಲ ಭಾರ ಹಾಕಿತು. ಆಟಗಾರರ ಅಸಮಾಧಾನಕ್ಕೆ ಕೊನೆ ದುಃಖದ್ದಾಗಿರುವುದು ಕಾರಣವೆಂದು ನನಗನ್ನಿಸುವುದಿಲ್ಲ. ಕೇಟ್‌ಳ ಮಟ್ಟಿಗೆ ನಿಜವಾದದ್ದು ಊರಿನ ಮಟ್ಟಿಗೆ ಸುಳ್ಳಾಯಿತು, ಅದೇ ಕಾರಣ.

ಕಂಪ್ಯೂಟರ್ ಸೈನ್ಸ್ ಓದುತ್ತಿರುವ ಹುಡುಗ ಹುಡುಗಿಯರು ನಮ್ಮ ಮೂರೂ ಊರುಗಳಲ್ಲಿ ಬೇಕಾದಷ್ಟಿದ್ದಾರೆ. ಅಣ್ಣನ ಮಗಳೂ ಅವರಲ್ಲೊಬ್ಬಳು. ಅವರಲ್ಲಿ ಯಾರಾದರೂ ಅಯ್ಯನಕೆರೆಯ ಕಥೆಯನ್ನು ಐದು ಭಾಗದ ಆಟ ಮಾಡುವುದಾದರೆ ನನ್ನದೊಂದು ಬಿನ್ನಹ. ಆಡುವವರನ್ನು ಅರಸನ ಜಾಗದಲ್ಲಿ ಕೂರಿಸಬೇಡಿ. ಅಲ್ಲಿ ಕೂತವನಿಗೆ ಲೆಕ್ಕ ಬಲು ಸುಲಭ. ಕೆರೆಯ ಕಾವಲಿನವನನ್ನಾಗಿ ಮಾಡಿ. ಮೊದಲ ಭಾಗದಲ್ಲಿ ಅವನು ಏರಿಯ ಮೇಲೆ ನಡೆದು ಬಿರುಕು ಎಲ್ಲಿದೆಯೆಂದು ನೋಡಲಿ. ಎರಡನೆಯದರಲ್ಲಿ ಹೂಳೆತ್ತಲು ಆಳುಗಳನ್ನು ಕೊಡಿ ಎಂದು ಗೌಡರ ಮನೆ ಮನೆ ತಿರುಗಲಿ. ಮೂರನೆಯದರಲ್ಲಿ ಮಳೆ ಹಿಡಿಯಲಿ. ನಾಲ್ಕನೆಯದರಲ್ಲಿ ಗಂಗಮ್ಮ ಎದುರಿಗೆ ಬರಲಿ. ಐದನೆಯದು ಕೆರೆಯಿಂದ ಅರಮನೆಗೆ ಓಡುವ ದಾರಿ. ಅಲ್ಲಿ ಅವನು ಅರಸನ ಬಾಗಿಲು ತಟ್ಟಬೇಕೋ, ಮೊದಲು ಕೆಳಗಿನ ಊರಿನವರ ಬಾಗಿಲು ತಟ್ಟಬೇಕೋ ಎಂದು ಆಡುವವರನ್ನೇ ಕೇಳಿ.

ಆ ಆಟದಲ್ಲಿ ಯಾರೂ ಸಾಯದೆ ಕೆರೆ ಉಳಿಯುವ ಒಂದು ದಾರಿ ಇರಲಿ. ಅದು ಮೊದಲ ಭಾಗದಲ್ಲೇ, ಬೇಸರ ಬರಿಸುವ ಯಾವುದೋ ಕೆಲಸದಲ್ಲಿ ಅಡಗಿರಲಿ. ಆ ಕೆಲಸವನ್ನು ಹಾರಿಸಿ ಮುಂದೆ ಹೋದವರು ಐದನೆಯ ಭಾಗದಲ್ಲಿ ಅರಸನನ್ನು ಬೈಯುವ ಮೊದಲು ಮೊದಲನೆಯ ಭಾಗವನ್ನು ಮತ್ತೆ ತೆರೆದು ನೋಡಲಿ.